ಒಂದೇ ಜಾಗದಲ್ಲಿ ಉಳಿಯುವ ಪೊರೆ: ವಯಸ್ಸಾದ ಬಾಲ್ ಪೈಥಾನ್ ಒಂದರ ಚರ್ಮದ ತೊಂದರೆಯ ಪ್ರಕರಣ ಅಧ್ಯಯನ

ಅಮೆರಿಕದ ಒಹಾಯೊ ರಾಜ್ಯದಲ್ಲಿ ನಾನು ಕೆಲಸ ಮಾಡುವ ಪಶುಚಿಕಿತ್ಸಾಲಯಕ್ಕೆ ಚಳಿಗಾಲದ ಕೊನೆಯಲ್ಲಿ 23 ವರ್ಷದ ಹೆಣ್ಣು ಬಾಲ್ ಪೈಥಾನ್ ಒಂದನ್ನು ತಂದಿದ್ದರು. ಸುಮಾರು ಎರಡು ವರ್ಷಗಳಿಂದ ಅದರ ಪೊರೆ ಇಡಿಯಾಗಿ ಕಳಚುತ್ತಿರಲಿಲ್ಲ. ಹೊಟ್ಟೆಯಡಿಯ ಅಗಲವಾದ ಹುರುಪೆಗಳಲ್ಲಿ ಕೆಲವು ಕಂದುಬಣ್ಣಕ್ಕೆ ತಿರುಗಿ, ಅಂಚು ಮೇಲೆದ್ದು, ಮೆಲ್ಲಗೆ ಒತ್ತಿದರೆ ತೇವ ಒಸರುತ್ತಿದ್ದವು. ಒಂದು ಕಾಲಕ್ಕೆ 1,610 ಗ್ರಾಂ ತೂಗುತ್ತಿದ್ದ ಹಾವು 1,420 ಗ್ರಾಂಗೆ ಇಳಿದಿತ್ತು. ಅದನ್ನು ಸಾಕಿದವರು ಒಬ್ಬ ಶಾಲಾ ಶಿಕ್ಷಕಿ. ಕಾಲೇಜು ಓದುವಾಗ ಮರಿಯಾಗಿ ತಂದದ್ದನ್ನು ಅಲ್ಲಿಂದೀಚೆಗೆ ತಾವೇ ನೋಡಿಕೊಂಡು ಬಂದವರು. ಅವರ ಗುರುತು ಹೊರಬೀಳಬಾರದೆಂದು ಪ್ರಕರಣದ ಕೆಲವು ಹೊರವಿವರಗಳನ್ನು ಇಲ್ಲಿ ಬದಲಿಸಲಾಗಿದೆ.

ಬಾಲ್ ಪೈಥಾನ್ ಸೆನೆಗಲ್‌ನಿಂದ ಉಗಾಂಡದವರೆಗೆ ಹಬ್ಬಿರುವ ಆಫ್ರಿಕಾದ ಹುಲ್ಲುಗಾವಲುಗಳ ಹಾವು. ಸಾಕಣೆಯಲ್ಲಿ ಅದು 20ರಿಂದ 30 ವರ್ಷ ಬದುಕುವುದು ಸಾಮಾನ್ಯ. ಸೇಂಟ್ ಲೂಯಿಸ್ ಮೃಗಾಲಯದಲ್ಲಿ 1961ರಿಂದ ಇದ್ದ ಹೆಣ್ಣೊಂದು 2020ರ ಜುಲೈನಲ್ಲಿ ಮೊಟ್ಟೆಯಿಟ್ಟಾಗ ಅದರ ವಯಸ್ಸು 62 ಇರಬಹುದೆಂದು ಮೃಗಾಲಯ ಅಂದಾಜಿಸಿತ್ತು. ಹೀಗಿರುವಾಗ 23 ವರ್ಷದ ಹಾವಿನ ವಿಷಯದಲ್ಲಿ ‘ವಯಸ್ಸಾಯಿತು, ಇನ್ನೇನು ಮಾಡುವುದು’ ಎಂದು ಕೈಚೆಲ್ಲುವುದಕ್ಕೆ ಆಧಾರವಿಲ್ಲ. ಕರ್ನಾಟಕದ ಓದುಗರಿಗೆ ಇಲ್ಲೊಂದು ಮಾತು ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಾಗರಹಾವು, ಕೇರೆ, ಹೆಬ್ಬಾವುಗಳಂಥ ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಜಾತಿಗಳನ್ನು ಇಟ್ಟುಕೊಂಡವರು ಆ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯಂತೆ ನೋಂದಣಿ ಮಾಡಿಸಲೇಬೇಕು. ಬೆಂಗಳೂರಿನ ಮನೆಗಳಲ್ಲೂ ಈ ಹಾವುಗಳಿವೆ. ಇಂದಿನ ಮರಿಗಳು ಮುಂದೆ ಮುಪ್ಪಿಗೆ ಬಂದಾಗ ಈ ಬಗೆಯ ತೊಂದರೆಗಳು ಅಲ್ಲಿನ ಪಶುವೈದ್ಯರ ಮುಂದೆಯೂ ಬರುತ್ತವೆ.

ಹಿಂದಿನ ಚಿಕಿತ್ಸೆ ಮತ್ತು ಮೊದಲ ಸುಳಿವು

ಇದಕ್ಕೂ ಮೊದಲು ಬೇರೊಬ್ಬ ವೈದ್ಯರು ಹಾವನ್ನು ನೋಡಿ, ಗೂಡಿನ ತೇವಾಂಶ ಸಾಲದೆಂದು ತೀರ್ಮಾನಿಸಿ, ಅದನ್ನು ಹೆಚ್ಚಿಸಲು ಹೇಳಿ, ಹಚ್ಚಲು ಆ್ಯಂಟಿಬಯಾಟಿಕ್ ಮುಲಾಮು ಕೊಟ್ಟಿದ್ದರು. ಆ ಸಲಹೆ ತಪ್ಪಾಗಿರಲಿಲ್ಲ. ಈ ಭಾಗದಲ್ಲಿ ಚಳಿಗಾಲವಿಡೀ ಮನೆಯ ಹೀಟರ್ ಉರಿಯುವುದರಿಂದ ಒಳಗಿನ ಗಾಳಿ ಒಣಗಿಹೋಗುತ್ತದೆ, ಪೊರೆ ಸರಿಯಾಗಿ ಬಿಡದಿರುವುದಕ್ಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣವೂ ಅದೇ. ಬಾಲ್ ಪೈಥಾನ್‌ಗೆ ಎಂದಿನ ದಿನಗಳಲ್ಲಿ 50ರಿಂದ 60 ಶೇಕಡಾ, ಪೊರೆ ಬಿಡುವ ದಿನಗಳಲ್ಲಿ 70 ಶೇಕಡಾ ಇಲ್ಲವೇ ಅದಕ್ಕೂ ಸ್ವಲ್ಪ ಹೆಚ್ಚು ತೇವಾಂಶ ಬೇಕು. ಶಿಕ್ಷಕಿಯವರು ಡಿಜಿಟಲ್ ಮಾಪಕ ತಂದು, ತೇವಾಂಶವನ್ನು ಆ ಮಟ್ಟಕ್ಕೆ ಏರಿಸಿ, ದಿನವೂ ಬರೆದಿಟ್ಟಿದ್ದರು. ಆದರೂ ಪೊರೆ ಹರಿದು ಹರಿದೇ ಬರುತ್ತಿತ್ತು.

ನಮಗೆ ದಾರಿ ತೋರಿಸಿದ್ದು ಅವರು ಜೊತೆಗೆ ತಂದಿದ್ದ ಒಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ಹಲವು ವರ್ಷಗಳ ಪೊರೆಗಳು ದಿನಾಂಕ ಬರೆದ ಪ್ಲಾಸ್ಟಿಕ್ ಚೀಲಗಳಲ್ಲಿದ್ದವು. ಪೊರೆಯನ್ನು ನೀರಿನಲ್ಲಿ ನೆನೆಸಿ, ಬಿಳಿಯ ದೀಪದ ಹಲಗೆಯ ಮೇಲೆ ಹರಡಿದರೆ ಅದೊಂದು ದಾಖಲೆಯೇ ಸರಿ. ತಲೆಯ ತುದಿಯಲ್ಲಿ ಕಣ್ಣುಗಳ ಮೇಲಿನ ಎರಡು ಪಾರದರ್ಶಕ ಹುರುಪೆಗಳು ಗಾಜಿನ ಬಟ್ಟಲಿನ ಹಾಗೆ ಉಬ್ಬಿ ನಿಂತಿವೆಯೇ, ಅಥವಾ ಅಲ್ಲಿ ತೂತು ಮಾತ್ರ ಇದೆಯೇ ಎಂಬುದು ಕಾಣುತ್ತದೆ. ತೂತಿದ್ದರೆ ಕಣ್ಣಿನ ಮೇಲಿನ ಹುರುಪೆ ಹಾವಿನ ಮೇಲೆಯೇ ಉಳಿದಿದೆ ಎಂದರ್ಥ. ರಕ್ತ ಹೀರುವ ನುಸಿಗಳಿದ್ದರೆ ಕಪ್ಪು ಚುಕ್ಕೆಗಳಾಗಿ ಪೊರೆಗೆ ಅಂಟಿಕೊಂಡಿರುತ್ತವೆ. ಹೊಟ್ಟೆಯ ಕಡೆಯ ಪಟ್ಟಿಗಳಲ್ಲಿ ಹಳೆಯ ಗಾಯದ ಗುರುತು ದಪ್ಪವಾಗಿ, ಮಬ್ಬಾಗಿ ಉಳಿದಿರುತ್ತದೆ.

ಹಳೆಯ ಪೊರೆಗಳು ಮೂತಿಯಿಂದ ಬಾಲದ ತುದಿಯವರೆಗೆ ಒಂದೇ ತುಂಡಾಗಿದ್ದವು. ನಂತರದವುಗಳಲ್ಲಿ ಕಣ್ಣಿನ ಹುರುಪೆಗಳು ಸರಿಯಾಗಿದ್ದವು, ತಲೆ ಮತ್ತು ಕುತ್ತಿಗೆಯ ಭಾಗ ಇಡಿಯಾಗಿತ್ತು, ಬಾಲವೂ ಇತ್ತು, ಆದರೆ ಮೈಯ ಹಿಂಬದಿಯ ಅರ್ಧದಲ್ಲಿ ಒಂದು ಗೇಣಿನಷ್ಟು ಉದ್ದದ ಭಾಗ ಕಾಣೆಯಾಗಿತ್ತು. ಮೊದಲ ಹರಿದ ಪೊರೆಯಲ್ಲಿ ಆ ಅಂತರ ಮೂರು ಬೆರಳಿನಷ್ಟು ಅಗಲವಿದ್ದು, ಮುಂದಿನವುಗಳಲ್ಲಿ ಹಿಗ್ಗುತ್ತಾ ಬಂದಿತ್ತು, ಆದರೆ ಅದರ ನಡುಬಿಂದು ಮಾತ್ರ ಅಲ್ಲಾಡಿರಲಿಲ್ಲ. ತೇವಾಂಶದ ಕೊರತೆಯಿಂದ ಪೊರೆ ನಿಂತರೆ ಅದು ಮೈಯ ಯಾವ ಭಾಗದಲ್ಲಾದರೂ ನಿಲ್ಲುತ್ತದೆ. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ, ಬಹಳ ಸಲ ಕಣ್ಣು ಮತ್ತು ಬಾಲದ ತುದಿಯಲ್ಲಿ. ಪ್ರತಿಸಲವೂ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದರೆ ಕಾರಣ ಗಾಳಿಯಲ್ಲಿಲ್ಲ, ಆ ಜಾಗದಲ್ಲೇ ಇದೆ. ಈ ಪ್ರಕರಣದ ಉಳಿದೆಲ್ಲ ಹುಡುಕಾಟವೂ ಈ ಒಂದು ಗಮನಿಕೆಯಿಂದ ಹೊರಟಿತು.

ಕೈಯಿಂದ ಮಾಡಿದ ಪರೀಕ್ಷೆ

ಹಾವು ಪೊರೆ ಬಿಡುವುದೆಂದರೆ ಹಳೆಯ ಚರ್ಮ ತಾನಾಗಿ ಉದುರುವುದಲ್ಲ. ಹಳೆಯ ಪದರದ ಕೆಳಗೆ ಹೊಸ ಪದರ ಬೆಳೆದು ಮುಗಿದ ಮೇಲೆ, ಎರಡರ ನಡುವೆ ದ್ರವ ತುಂಬಿ, ಕಿಣ್ವಗಳು ಬೆಸುಗೆಯನ್ನು ಬಿಡಿಸುತ್ತವೆ. ಆಗ ಕಣ್ಣು ನೀಲಿಮಬ್ಬಾಗುತ್ತದೆ, ಕೆಲವು ದಿನಗಳ ನಂತರ ಮತ್ತೆ ತಿಳಿಯಾಗುತ್ತದೆ. ಬಳಿಕ ಹಾವು ಮೂತಿಯನ್ನು ಒರಟು ವಸ್ತುವಿಗೆ ಉಜ್ಜಿ ತುಟಿಯ ಬಳಿ ಪೊರೆಯನ್ನು ಬಿಡಿಸಿ, ಮೈಯನ್ನು ಬಳುಕಿಸುತ್ತಾ, ಒಂದೊಂದೇ ಭಾಗವನ್ನು ಬಿಗಿದು ಸಡಿಲಿಸುತ್ತಾ ಮುಂದೆ ಹರಿದು, ಪೊರೆಯನ್ನು ಒಳಗು ಹೊರಗಾಗಿ ಹಿಂದಕ್ಕೆ ಬಿಡುತ್ತದೆ. ಒಳಗಿನ ನೀರಿನಂಶ, ಚರ್ಮದ ಆರೋಗ್ಯ ಮತ್ತು ಮೈಯ ಬಳುಕು, ಈ ಮೂರೂ ಕೂಡಿದರೆ ಮಾತ್ರ ಕೆಲಸ ಸಲೀಸಾಗಿ ಆಗುತ್ತದೆ. ಮೂರನೆಯದನ್ನು ಪರೀಕ್ಷಿಸುವ ಅಭ್ಯಾಸ ನಮ್ಮಲ್ಲಿ ಕಡಿಮೆ ಎಂಬುದು ನನ್ನ ಅಭಿಪ್ರಾಯ; ಕಣ್ಣು ಹುರುಪೆಯ ಮೇಲೆಯೇ ನೆಟ್ಟಿರುವುದರಿಂದ ಕೈಗೆ ಸಿಗಬೇಕಾದದ್ದು ತಪ್ಪಿಹೋಗುತ್ತದೆ.

ಹಾವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ನಿಧಾನವಾಗಿ ಹರಿಯಲು ಬಿಟ್ಟೆವು. ಮುಂಭಾಗದ ಅರ್ಧ ಬೆರಳುಗಳ ಸುತ್ತ ಸಡಿಲವಾಗಿ ಸುತ್ತಿಕೊಂಡು ಹೋಯಿತು. ಪೊರೆ ನಿಂತಿದ್ದ ಭಾಗ ಬಂದಾಗ ಮೈ ಕೋಲಿನಂತೆ ನೇರವಾಗಿ ಸೆಟೆದು ಹಾದುಹೋಗಿ, ಅದರ ಹಿಂದಿನ ಭಾಗ ಮತ್ತೆ ಬಳುಕಿತು. ಬೆನ್ನಿನ ನಡುಗೆರೆಯ ಮೇಲೆ ಬೆರಳಾಡಿಸಿದರೆ ಆ ಉದ್ದಕ್ಕೂ ಸಣ್ಣ ಗಂಟುಗಳು ಸಿಗುತ್ತಿದ್ದವು, ಎರಡು ಪಕ್ಕದ ಸ್ನಾಯುಗಳು ಕರಗಿ ಬೆನ್ನೆಲುಬಿನ ಅಂಚು ಎದ್ದು ಕಾಣುತ್ತಿತ್ತು. ಅದೇ ಭಾಗದ ಕೆಳಗಡೆ, ಹೊಟ್ಟೆಯ ಹುರುಪೆಗಳಲ್ಲಿ ಕಂದುಬಣ್ಣದ ಗಾಯಗಳಿದ್ದವು. ಮೇಲೆ ಪೊರೆ, ಒಳಗೆ ಗಂಟು, ಕೆಳಗೆ ಗಾಯ, ಮೂರೂ ಒಂದೇ ಉದ್ದಳತೆಯಲ್ಲಿ ಬಂದದ್ದು ಆಕಸ್ಮಿಕವಾಗಿರಲು ಸಾಧ್ಯವಿಲ್ಲವೆಂದು ಅನ್ನಿಸಿತು. ಶಿಕ್ಷಕಿಯವರ ಫೋನಿನಲ್ಲಿದ್ದ ಹಳೆಯ ಚಿತ್ರಗಳನ್ನು ತೆಗೆಸಿ ನೋಡಿದಾಗ, ಕೆಲವು ವರ್ಷಗಳ ಹಿಂದೆ ಗುಂಡಾಗಿ ಸುರುಳಿ ಸುತ್ತಿ ಮಲಗುತ್ತಿದ್ದ ಹಾವು ಈಚಿನ ಚಿತ್ರಗಳಲ್ಲಿ ಒಂದು ಪಕ್ಕ ಚಪ್ಪಟೆಯಾದ ಸುರುಳಿಯಲ್ಲಿ ಮಲಗಿತ್ತು.

ಬಾಯಿಯ ಒಳಗೆ ಹುಣ್ಣಿರಲಿಲ್ಲ. ಗಲ್ಲದಡಿಯ ಸೀಳಿನಲ್ಲಿ, ಕಣ್ಣಿನ ಸುತ್ತ, ಮಲದ್ವಾರದ ಬಳಿ ಒದ್ದೆ ಹತ್ತಿಯಿಂದ ಒರೆಸಿ ನೋಡಿದರೂ ನುಸಿಯಾಗಲಿ ಅದರ ಕೊಳೆಯಾಗಲಿ ಸಿಗಲಿಲ್ಲ.

ಗೂಡಿನ ಶಾಖ

ಗೂಡನ್ನು ಕಣ್ಣಾರೆ ನೋಡದೆ ಹಾವಿನ ಚರ್ಮದ ಬಗ್ಗೆ ತೀರ್ಪು ಕೊಡಬಾರದು. ಶಿಕ್ಷಕಿಯವರಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದನ್ನು ಕೊಟ್ಟು, ಹಾಸನ್ನು ಬದಿಗೆ ಸರಿಸಿ, ಹೀಟ್ ಮ್ಯಾಟ್ ಇರುವ ಜಾಗದ ನೆಲದ ಶಾಖವನ್ನು ಅಳೆದು ಚಿತ್ರ ಕಳುಹಿಸಲು ಕೇಳಿದೆವು. ಗೋಡೆಗೆ ಅಂಟಿಸಿದ್ದ ಮಾಪಕ 29 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದ್ದಾಗ ನೆಲದಲ್ಲಿ 43 ಡಿಗ್ರಿ ಇತ್ತು. ಥರ್ಮೋಸ್ಟ್ಯಾಟ್ ಇತ್ತು, ಕೆಲಸವನ್ನೂ ಮಾಡುತ್ತಿತ್ತು. ಶಾಖ ಅಳೆಯುವ ಅದರ ತಂತಿಯ ತುದಿ ಮಾತ್ರ ಮ್ಯಾಟ್‌ನ ಮೇಲಿನಿಂದ ಜಾರಿ, ಹಾಸಿನ ಮೇಲೆ ಗಾಳಿಯಲ್ಲಿ ನಿಂತಿತ್ತು. ಗಾಳಿ ತಣ್ಣಗಿದ್ದಷ್ಟೂ ಅದು ಮ್ಯಾಟ್‌ಗೆ ಇನ್ನಷ್ಟು ವಿದ್ಯುತ್ ಹರಿಸುತ್ತಿತ್ತು. ಈ ಹಾವಿಗೆ ಬೆಚ್ಚಗಿನ ಮೂಲೆಯಲ್ಲಿ 31ರಿಂದ 33 ಡಿಗ್ರಿ, ತಂಪು ಮೂಲೆಯಲ್ಲಿ 25ರಿಂದ 27 ಡಿಗ್ರಿ ಸಾಕು.

ಹೊಟ್ಟೆಯಡಿ ಸುಡುತ್ತಿದ್ದರೂ ಹಾವು ಏಕೆ ಸರಿದುಹೋಗುವುದಿಲ್ಲವೆಂದು ಹಲವರು ಕೇಳುತ್ತಾರೆ. ಆರೋಗ್ಯವಂತ ಹಾವುಗಳೂ ಬಿಸಿ ಮೇಲ್ಮೈಯ ಮೇಲೆ ಮಲಗಿ ಸುಟ್ಟುಕೊಳ್ಳುವುದನ್ನು ಸರೀಸೃಪಗಳ ವೈದ್ಯರೆಲ್ಲರೂ ಕಂಡಿರುತ್ತಾರೆ. ಇಲ್ಲಿ ಇನ್ನೂ ಒಂದು ಕಾರಣವಿರಬಹುದಿತ್ತು: ಬೆನ್ನು ನೋಯುವ, ಸೆಟೆದ ಹಾವು ಬೆಚ್ಚಗಿನ ಜಾಗವನ್ನೇ ಹುಡುಕಿಕೊಂಡು ಹೋಗಿ, ಅಲ್ಲಿ ಭಂಗಿ ಬದಲಿಸಲಾಗದೆ ಗಂಟೆಗಟ್ಟಲೆ ಒಂದೇ ಭಾಗವನ್ನು ನೆಲಕ್ಕೆ ಒತ್ತಿಕೊಂಡು ಮಲಗಿರುತ್ತಿತ್ತು.

ಪರೀಕ್ಷೆಗಳು

ಇಷ್ಟು ಕಂಡ ಮೇಲೂ ಬೇರೆ ಸಾಧ್ಯತೆಗಳನ್ನು ಬಿಟ್ಟುಬಿಡುವಂತಿರಲಿಲ್ಲ. ಅವುಗಳಲ್ಲಿ ನಮಗೆ ಹೆಚ್ಚು ಆತಂಕವಿದ್ದದ್ದು ಆಫಿಡಿಯೊಮೈಸಿಸ್ ಎಂಬ ಶಿಲೀಂಧ್ರ ರೋಗದ ಬಗ್ಗೆ. ಅಮೆರಿಕದ ಪೂರ್ವಭಾಗದಲ್ಲಿ 2006ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ರ್ಯಾಟಲ್ ಹಾವುಗಳಲ್ಲಿ, 2008ರಲ್ಲಿ ಇಲಿನಾಯ್‌ನ ಮಸಸಾಗ ಹಾವುಗಳಲ್ಲಿ ಗಮನಕ್ಕೆ ಬಂದ ಚರ್ಮದ ಸೋಂಕುಗಳ ನಂತರ ಈ ರೋಗದ ಮೇಲೆ ಎಲ್ಲರ ಕಣ್ಣಿದೆ. ಸಾಕಿದ ಹಾವುಗಳಲ್ಲೂ ಅದು ಕಂಡುಬಂದಿದೆ. ಹುರುಪೆಗಳು ಕಂದಾಗಿ ದಪ್ಪಗಟ್ಟುವುದು, ಹಕ್ಕಳೆ ಕಟ್ಟುವುದು, ಪೊರೆ ಸರಿಯಾಗಿ ಬಿಡದಿರುವುದು, ಇವೆಲ್ಲ ಅದರಲ್ಲೂ ಇವೆ. ಆ ರೋಗದಲ್ಲಿ ಮುಖ ಮತ್ತು ತಲೆಗೆ ಆಗಾಗ ಗಾಯಗಳಾಗುತ್ತವೆ. ನಮ್ಮ ಹಾವಿನ ತಲೆ ಸ್ವಚ್ಛವಾಗಿತ್ತು. ಆದರೆ ಕಣ್ಣಳತೆಯಲ್ಲಿ ಅದನ್ನು ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ಸುಟ್ಟು ಸತ್ತ ಚರ್ಮವೂ ಶಿಲೀಂಧ್ರ ತಿಂದ ಚರ್ಮವೂ ಮೇಲ್ನೋಟಕ್ಕೆ ಒಂದೇ ತರಹ ಇರುತ್ತವೆ, ಮೇಲಾಗಿ ಅದೇ ಮನೆಯಲ್ಲಿ ಇನ್ನೊಂದು ಹಾವಿದ್ದರೆ ಅದಕ್ಕೂ ಅಪಾಯ.

ಬಯಾಪ್ಸಿಗೆ ಮೊದಲು ಗಾಯವನ್ನು ಉಜ್ಜಿ ತೊಳೆಯಬಾರದು. ಮೇಲಿನ ಹಕ್ಕಳೆಯಲ್ಲೇ ರೋಗಾಣುಗಳ ಗುರುತು ಇರುವುದುಂಟು. ಅರಿವಳಿಕೆ ಕೊಟ್ಟು, ಗಾಯದ ಅಂಚಿನಿಂದ ಸ್ವಲ್ಪ ರೋಗಪೀಡಿತ ಚರ್ಮ, ಸ್ವಲ್ಪ ಒಳ್ಳೆಯ ಚರ್ಮ ಎರಡೂ ಬರುವಂತೆ ಹುರುಪೆಗಳ ನಡುವಿನ ಮೆತ್ತನೆಯ ಜಾಗದಲ್ಲಿ ಕತ್ತರಿಸಿದೆವು. ಒಂದು ತುಣುಕು ಫಾರ್ಮಲಿನ್‌ಗೆ, ಒಂದು ಬ್ಯಾಕ್ಟೀರಿಯಾ ಬೆಳೆಸುವ ಪರೀಕ್ಷೆಗೆ, ಒಂದು ಶಿಲೀಂಧ್ರದ ಪಿಸಿಆರ್‌ಗೆ ಹೋಯಿತು. ಹಾವಿನ ಚರ್ಮದ ಅಂಚು ಒಳಕ್ಕೆ ಮಡಚಿಕೊಳ್ಳುವ ಗುಣವುಳ್ಳದ್ದಾದ್ದರಿಂದ ಹೊಲಿಗೆಯನ್ನು ಅಂಚು ಹೊರಮುಖವಾಗಿ ನಿಲ್ಲುವಂತೆ ಹಾಕಬೇಕು. ಬೆಕ್ಕು ನಾಯಿಗಳಿಗೆ ತೆಗೆಯುವ ಹಾಗೆ ಹತ್ತು ಹದಿನಾಲ್ಕು ದಿನಕ್ಕೆ ಅದನ್ನು ತೆಗೆದರೆ ಗಾಯ ಬಾಯಿಬಿಡುತ್ತದೆ. ಇಲ್ಲಿ ನಾಲ್ಕರಿಂದ ಆರು ವಾರ ಬೇಕು.

ರಕ್ತವನ್ನು ಬಾಲದ ಅಡಿಯ ಸಿರೆಯಿಂದ ತೆಗೆದೆವು. ಮಾಂಸಾಹಾರಿ ಸರೀಸೃಪಗಳಲ್ಲಿ ಊಟದ ನಂತರ ಕೆಲವು ದಿನ ಯೂರಿಕ್ ಆಮ್ಲ ತಾನಾಗಿ ಏರಿರುತ್ತದೆ. ಕೊನೆಯ ಇಲಿ ತಿಂದದ್ದು ಎಂದು ಎಂಬುದನ್ನು ಕೇಳದೆ ರಕ್ತ ತೆಗೆದರೆ ಆರೋಗ್ಯವಂತ ಹಾವಿಗೂ ಮೂತ್ರಪಿಂಡದ ಕಾಯಿಲೆಯೆಂದು ಹೆಸರಿಡಬೇಕಾಗುತ್ತದೆ. ಇದು ಎರಡು ವಾರಕ್ಕೂ ಹೆಚ್ಚು ಕಾಲದಿಂದ ಉಪವಾಸವಿತ್ತು, ಯೂರಿಕ್ ಆಮ್ಲ ಪ್ರತಿ ಡೆಸಿಲೀಟರ್ ರಕ್ತಕ್ಕೆ 7.1 ಮಿಲಿಗ್ರಾಂ ಬಂತು. ರಂಜಕಕ್ಕಿಂತ ಕ್ಯಾಲ್ಸಿಯಂ ಹೆಚ್ಚಿತ್ತು. ಈ ಎರಡರಿಂದ ಮೂತ್ರಪಿಂಡಗಳು ತಕ್ಕಮಟ್ಟಿಗೆ ಕೆಲಸ ಮಾಡುತ್ತಿವೆ ಎಂಬ ಧೈರ್ಯ ಬಂತು. ವಯಸ್ಸಾದ ಹಾವಿನಲ್ಲಿ ಇದು ಸಣ್ಣ ಸಮಾಧಾನವಲ್ಲ. ಮೂತ್ರಪಿಂಡ ಸೋತು ಮೈಯ ನೀರು ಕಡಿಮೆಯಾದರೂ ಪೊರೆ ಅಂಟಿಕೊಳ್ಳುತ್ತದೆ. ಬಿಳಿ ರಕ್ತಕಣಗಳು ಮಾತ್ರ ಹೆಚ್ಚಿದ್ದು, ಎಲ್ಲೋ ಉರಿಯೂತ ನಡೆಯುತ್ತಿದೆಯೆಂದು ಹೇಳುತ್ತಿದ್ದವು.

ಎಕ್ಸ್‌ರೇ ಪ್ರಶ್ನೆಗೆ ಉತ್ತರ ಕೊಟ್ಟಿತು. ಆ ಭಾಗದಲ್ಲಿ ಹನ್ನೊಂದು ಬೆನ್ನುಮೂಳೆಗಳು ಹೊಸದಾಗಿ ಬೆಳೆದ ಎಲುಬಿನಿಂದ ಒಂದಕ್ಕೊಂದು ಬೆಸೆದುಕೊಂಡಿದ್ದವು. ಅದಕ್ಕಿಂತ ಸ್ವಲ್ಪ ಹಿಂದೆ ಇನ್ನೂ ನಾಲ್ಕರಲ್ಲಿ ಅಂಥದೇ ಬೆಳವಣಿಗೆ ಶುರುವಾಗಿತ್ತು. ವಯಸ್ಸಾದ ಹಾವುಗಳಲ್ಲಿ ಕಾಣುವ ಈ ಬೆಸುಗೆ ಕೆಲವೊಮ್ಮೆ ಬರೀ ಸವೆತದ ಫಲ, ಕೆಲವೊಮ್ಮೆ ರಕ್ತದಲ್ಲಿ ಹರಿದುಬಂದ ಬ್ಯಾಕ್ಟೀರಿಯಾ, ಅದರಲ್ಲೂ ಸಾಲ್ಮೊನೆಲ್ಲಾ, ಮೂಳೆಯಲ್ಲಿ ನೆಲೆಸಿದ್ದರ ಫಲ. ಹೀಗಾಗಿ ರಕ್ತವನ್ನೂ ಬ್ಯಾಕ್ಟೀರಿಯಾ ಬೆಳೆಸುವ ಪರೀಕ್ಷೆಗೆ ಕಳುಹಿಸಿದೆವು. ಅದರಲ್ಲಿ ಏನೂ ಬೆಳೆಯಲಿಲ್ಲ. ಮೂಳೆಯೊಳಗೆ ಏನೂ ಇಲ್ಲವೆಂದು ಅದರಿಂದ ಪೂರ್ತಿ ಹೇಳಲು ಬರುವುದಿಲ್ಲ, ಸವೆತವೇ ಹೆಚ್ಚು ಸಂಭವನೀಯವೆಂದು ಮಾತ್ರ ಹೇಳಬಹುದು. ಬಯಾಪ್ಸಿಯಲ್ಲಿ ಮೇಲ್ಚರ್ಮ ಪೂರ್ತಿ ದಪ್ಪಕ್ಕೂ ಸತ್ತಿತ್ತು, ಅದರ ಮೇಲೆ ಬ್ಯಾಕ್ಟೀರಿಯಾಗಳ ಗುಂಪುಗಳಿದ್ದವು, ಶಿಲೀಂಧ್ರದ ಎಳೆಗಳು ಎಲ್ಲೂ ಇರಲಿಲ್ಲ. ಪಿಸಿಆರ್ ಕೂಡ ನೆಗೆಟಿವ್ ಬಂತು. ಚರ್ಮದ ತುಣುಕಿನಿಂದ ಬೆಳೆದದ್ದು ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ.

ಹೀಗೆ ಬೆನ್ನುಮೂಳೆಗಳು ಬೆಸೆದುಕೊಂಡು ಮೈ ಬಳುಕದಾದದ್ದು ಮೊದಲ ಕಾಯಿಲೆ. ಆ ಭಾಗದಲ್ಲಿ ಪೊರೆ ನಿಲ್ಲುವುದು ಅದರ ನೇರ ಪರಿಣಾಮ. ಹೊಟ್ಟೆಯಡಿಯ ಗಾಯಗಳು ನಿಧಾನವಾದ ಸುಡುವಿಕೆಯಿಂದ ಆಗಿ, ಪೊರೆಗೆಂದು ಏರಿಸಿದ ತೇವದಲ್ಲಿ ಸೋಂಕು ತಗುಲಿ ಕೊಳೆತಂಥವು ಎಂಬ ತೀರ್ಮಾನಕ್ಕೆ ಬಂದೆವು. ತೇವಾಂಶ ಹೆಚ್ಚಿಸಿದ್ದು ಪೊರೆಗೆ ಒಳ್ಳೆಯದಾದರೂ, ಹೊಟ್ಟೆಯಡಿ ಸುಟ್ಟ ಚರ್ಮವಿರುವಾಗ ಒದ್ದೆ ಹಾಸು ಗಾಯವನ್ನು ಕೆಡಿಸಿತ್ತು.

ಚಿಕಿತ್ಸೆ ಮತ್ತು ಮುಂದಿನ ದಿನಗಳು

ಹೀಟ್ ಮ್ಯಾಟ್ ತೆಗೆಸಿ, ಮೇಲಿನಿಂದ ಶಾಖ ಬೀರುವ ಫಲಕವನ್ನು ಥರ್ಮೋಸ್ಟ್ಯಾಟ್‌ಗೆ ಜೋಡಿಸಿ ಹಾಕಿಸಿದೆವು. ಗಾಯ ಒಣಗುವವರೆಗೆ ನೆಲಕ್ಕೆ ಬರೀ ಕಾಗದದ ಹಾಸು; ತೇವ ಬೇಕಾದಾಗ ಹಾವೇ ಹೋಗಿ ಕೂರಲೆಂದು ಒದ್ದೆ ಪಾಚಿ ತುಂಬಿದ ಮುಚ್ಚಿದ ಡಬ್ಬಿ. ಸೆಫ್ಟಾಜಿಡಿಮ್ ಎಂಬ ಆ್ಯಂಟಿಬಯಾಟಿಕ್ ಚುಚ್ಚುಮದ್ದು ಪ್ರತಿ ಕಿಲೋ ತೂಕಕ್ಕೆ 20 ಮಿಲಿಗ್ರಾಂನಂತೆ 72 ಗಂಟೆಗೊಮ್ಮೆ. ಹಾವಿನ ದೇಹದಲ್ಲಿ ಈ ಔಷಧ ನಿಧಾನವಾಗಿ ಇಳಿಯುವುದರಿಂದ ದಿನವೂ ಚುಚ್ಚಬೇಕಾಗಿಲ್ಲ. ಗಾಯಕ್ಕೆ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮನ್ನು ತೆಳ್ಳಗೆ ಹಚ್ಚುವುದು. ನೋವಿಗೆ ಮೆಲಾಕ್ಸಿಕ್ಯಾಮ್ ಅನ್ನು ಕಡಿಮೆ ಪ್ರಮಾಣದಲ್ಲಿ, ಮೈಗೆ ನೀರಿನಂಶ ತುಂಬಿದ ಮೇಲೆಯೇ, ಯೂರಿಕ್ ಆಮ್ಲವನ್ನು ಮತ್ತೆ ಅಳೆಯುತ್ತಾ ಕೊಟ್ಟೆವು. ಹಾವುಗಳಲ್ಲಿ ಈ ಔಷಧದ ಫಲದ ಬಗ್ಗೆ ಗಟ್ಟಿ ಪುರಾವೆ ಹೆಚ್ಚಿಲ್ಲ. ಶಿಕ್ಷಕಿಯವರು ವಾರಕ್ಕೊಮ್ಮೆ ಕಳುಹಿಸುತ್ತಿದ್ದ, ಹಾವು ರಾತ್ರಿ ಗೂಡಿನಲ್ಲಿ ಓಡಾಡುವ ವಿಡಿಯೋಗಳನ್ನೇ ನಾನು ಅಳತೆಗೋಲಾಗಿ ಇಟ್ಟುಕೊಂಡೆ. ದೊಡ್ಡ ಇಲಿಯ ಬದಲು ಚಿಕ್ಕ ಇಲಿಗಳನ್ನು, ಅದೂ ಸತ್ತದ್ದನ್ನೇ, ಕೊಡಲು ಹೇಳಿದೆವು. ಬೆಸೆದ ಬೆನ್ನು ಬೇಟೆಯನ್ನು ಬಿಗಿಯಲಾರದು, ದೊಡ್ಡ ತುತ್ತು ಆ ಭಾಗವನ್ನು ದಾಟಲು ಕಷ್ಟ. ಗಾಯ ತೊಳೆದ ಮೇಲೆ ಕೈಯನ್ನು ಸೋಪಿನಿಂದ ತೊಳೆಯಬೇಕೆಂದೂ, ಐದು ವರ್ಷದೊಳಗಿನ ಮಕ್ಕಳು ಹಾವನ್ನು ಮುಟ್ಟಬಾರದೆಂದೂ ಆರೋಗ್ಯವಂತ ಹಾವುಗಳಲ್ಲೂ ಇರಬಹುದಾದ ಸಾಲ್ಮೊನೆಲ್ಲಾದ ಕಾರಣ ಎಚ್ಚರಿಸಿದೆವು.

ಮುಂದಿನ ಪೊರೆ ಎಂದಿಗಿಂತ ಬೇಗ ಬಂದಾಗ ಶಿಕ್ಷಕಿಯವರು ಕಾಯಿಲೆ ಮರುಕಳಿಸಿತೆಂದು ಗಾಬರಿಯಾಗಿದ್ದರು. ಗಾಯಗೊಂಡ ಹಾವು ಬೇಗ ಬೇಗ ಪೊರೆ ಬಿಡುವುದು ವಾಸಿಯಾಗುವ ಬಗೆಯೇ ಎಂದು ಅವರಿಗೆ ಮೊದಲೇ ಹೇಳಿದ್ದರೂ, ಕಣ್ಣೆದುರು ಕಂಡಾಗ ಹೆದರಿಕೆಯಾಗುವುದು ಸಹಜ. ಪೊರೆಯನ್ನು ಒಣಗಿದ್ದಾಗ ಕಿತ್ತರೆ ಕೆಳಗಿನ ಹೊಸ ಪದರವೂ ಕಿತ್ತುಬರುತ್ತದೆ. ಹಾಗಾಗಿ ಬೆಚ್ಚಗಿನ ನೀರಿನಲ್ಲಿ ಹಿಂಡಿದ ಟವೆಲ್‌ಗಳ ನಡುವೆ ಹಾವನ್ನು ಹರಿಯಲು ಬಿಟ್ಟು, ಸೆಟೆದ ಭಾಗ ಬಂದಾಗ ಒದ್ದೆ ಕೈಯನ್ನು ಅದರ ಸುತ್ತ ಸಡಿಲವಾಗಿ ಹಿಡಿದು, ಅದು ಮುಂದೆ ಹೋಗುತ್ತಿದ್ದಂತೆ ಪೊರೆ ಹಿಂದೆ ಉಳಿಯುವಂತೆ ಮಾಡುವುದನ್ನು ಅವರಿಗೆ ತೋರಿಸಿಕೊಟ್ಟೆವು. ಆ ಭಾಗದ ಸ್ನಾಯುಗಳು ಬಿಟ್ಟುಕೊಟ್ಟ ಕೆಲಸವನ್ನು ಕೈ ಮಾಡಬೇಕಾಗಿತ್ತು. ಅವರು ಅದನ್ನು ಬಹಳ ಚೆನ್ನಾಗಿ ಕಲಿತರು.

ಮೂರನೆಯ ಪೊರೆಯ ಹೊತ್ತಿಗೆ ಹೊಟ್ಟೆಯ ಹುರುಪೆಗಳು ಮುಚ್ಚಿಕೊಂಡಿದ್ದವು. ಅವು ಮೊದಲಿನ ಆಕಾರಕ್ಕೆ ಬರಲಿಲ್ಲ, ಸುಕ್ಕಾಗಿ ಮಸುಕಾಗಿಯೇ ಉಳಿದವು. ಕಲೆಯಾದ ಚರ್ಮದಲ್ಲಿ ಪೊರೆ ಬಿಡಿಸುವ ಪದರಗಳು ಸರಿಯಾಗಿ ರೂಪುಗೊಳ್ಳದ ಕಾರಣ ಅಲ್ಲಿ ಹೆಬ್ಬೆರಳಿನಷ್ಟು ಅಗಲದ ತುಣುಕು ಮುಂದೆಯೂ ಪ್ರತಿಸಲ ನಿಲ್ಲುತ್ತದೆ, ಅದನ್ನು ನೆನೆಸಿ ತೆಗೆಯುತ್ತಲೇ ಇರಬೇಕು. ತೂಕ 1,500 ಗ್ರಾಂ ದಾಟಿದೆ. ಬೆಸೆದ ಮೂಳೆ ಬಿಡಿಸಿಕೊಳ್ಳುವುದಿಲ್ಲ; ಹಿಂದಿನ ನಾಲ್ಕು ಮೂಳೆಗಳಲ್ಲಿ ಶುರುವಾದದ್ದು ಎಷ್ಟು ಬೇಗ ಮುಂದುವರಿಯುತ್ತದೆಂದು ತಿಳಿಯಲು ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಯುವುದೆಂದು ಗೊತ್ತುಮಾಡಿದ್ದೇವೆ. ಮಗುಚಿ ಬಿದ್ದಾಗ ತಾನಾಗಿ ಹೊಟ್ಟೆಯಡಿಗೆ ತಿರುಗಲಾಗದಿದ್ದರೆ, ಎರಡು ಊಟಗಳನ್ನು ಸತತವಾಗಿ ಬಿಟ್ಟರೆ, ಅಥವಾ ತೂಕ ಹತ್ತನೇ ಒಂದರಷ್ಟು ಇಳಿದರೆ, ವರ್ಷದ ಗಡುವಿಗೆ ಕಾಯದೆ ಕರೆತರಬೇಕೆಂದು ಶಿಕ್ಷಕಿಯವರಿಗೆ ಬರೆದುಕೊಟ್ಟಿದ್ದೇವೆ.